ಒಂದೂವರೆ ಅಡಿ ಗೋಡೆ, ಎರಡೂವರೆ ಇಂಚಿನ ತೂತು

ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ. ಅತ್ತೆಯವರ ಕೋಣೆಗೆ ಎ.ಸಿ. ಕೂರಿಸಲು ದಾವಣಗೆರೆಯಿಂದ ಇಬ್ಬರು ಹುಡುಗರು ಬಂದಿದ್ದರು. ಹರಪನಹಳ್ಳಿಯ ಹಳೆಯ ಓಣಿಯಲ್ಲಿರುವ ನಮ್ಮ ಮನೆ ಕಲ್ಲು-ಮಣ್ಣಿನದು, ಗೋಡೆ ಒಂದೂವರೆ ಅಡಿ ದಪ್ಪ. ಮೇಲೆ ಸಿಮೆಂಟಿನ ಗಿಲಾವು ಮಾಡಿಸಿ ಬಣ್ಣ ಹೊಡೆಸಿದ್ದರಿಂದ ಹೊಸಬರ ಕಣ್ಣಿಗೆ ಇಟ್ಟಂಗಿ ಗೋಡೆಯ ಹಾಗೆಯೇ ಕಾಣುತ್ತದೆ. ಹುಡುಗರು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಹ್ಯಾಮರ್ ಡ್ರಿಲ್ ಹಚ್ಚಿದರು. ಮೊದಲ ಎರಡು ಇಂಚು ಸಲೀಸಾಗಿ ಹೋಯಿತು. ಆಮೇಲೆ ಮೆತ್ತಗಿನ ಮಣ್ಣು. ಅದರಾಚೆ ಒಂದು ಕಲ್ಲು ತಡೆಯಿತು. ಹುಡುಗ ಮೈಭಾರ ಬಿಟ್ಟು ಒತ್ತಿದ. ಒಳಗೋಡೆಯ ಗಿಲಾವು ಮೊರದಗಲ ಉಬ್ಬಿ ದಪ್ಪನೆ ಹಾಸಿಗೆಯ ಮೇಲೆ ಬಿತ್ತು. ತೂತಿನಿಂದ ಹರಿದ ಚೀಲದಿಂದ ಜೋಳ ಸುರಿದಂತೆ ಒಣ ಮಣ್ಣು ಸುರಿಯತೊಡಗಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ಗೋಡೆ ಎದ್ದಾಗ ಅವರು ಇನ್ನೂ ಹೊಸ ಸೊಸೆ; ಮಣ್ಣು ತುಳಿದವರಲ್ಲಿ ಅವರೂ ಒಬ್ಬರು. ಹುಡುಗನ ಮುಖ ಬಿಳಿಚಿಕೊಂಡಿತ್ತು. "ವೈಟ್ ಸಿಮೆಂಟ್ ಹಚ್ಚಿ ಕೊಡ್ತೀವಿ ಅಕ್ಕಾ, ಗೊತ್ತೇ ಆಗಲ್ಲ" ಅಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಹೋಗ್ಲಿ ಬಿಡವ್ವ, ಪಾಪ ದುಡ್ಕಂಡು ತಿನ್ನೋ ಹುಡುಗ್ರು" ಅಂದರು. ಸಂಜೆಯ ಹೊತ್ತಿಗೆ ಕೋಣೆ ತಣ್ಣಗಾಯಿತು. "ಅಕ್ಕಾ, ಓಟಿಪಿ ಬಂದೈತಿ ನೋಡ್ರಿ, ಹೇಳಿಬಿಡ್ರಿ. ಇನ್ನೂ ಕೊಟ್ಟೂರಿಗೆ ಹೋಗ್ಬೇಕು, ಅಲ್ಲಿ ಎರಡು ಮನೆ ಅದಾವು" ಎಂದು ಅವಸರ ಮಾಡಿದರು. ಫೋನಿಗೆ ಬಂದಿದ್ದ ನಾಲ್ಕು ಅಂಕಿ ಹೇಳಿದೆ.

ಆ ನಾಲ್ಕು ಅಂಕಿಯ ಅರ್ಥ ತಿಳಿದದ್ದು ಮೇ ತಿಂಗಳ ಮೊದಲ ದೊಡ್ಡ ಮಳೆಗೆ. ಎ.ಸಿ. ಪೈಪಿನ ತೂತು ಹೊರಕ್ಕೆ ಇಳಿಜಾರಾಗಿರಬೇಕಿತ್ತು, ಒಳಕ್ಕೆ ಇಳಿಜಾರಾಗಿತ್ತು. ನೀರು ತಾಮ್ರದ ಪೈಪಿನ ಗುಂಟ ಗೋಡೆಯೊಳಗೆ ಇಳಿದು, ಮಣ್ಣು ನೆನೆದು, ಬೆಳಗಾಗುವಷ್ಟರಲ್ಲಿ ಗೋಡೆಯ ಮೇಲೆ ಆಳೆತ್ತರದ ಕಂದು ಕಲೆ ಮೂಡಿತ್ತು. ಬೆರಳಲ್ಲಿ ತಟ್ಟಿದರೆ ಗಿಲಾವು ಟೊಳ್ಳು ಸದ್ದು ಮಾಡುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ ಕಂಪನಿಗೆ ಕೇಳಿ ಅಂದರು. ಕಂಪನಿಗೆ ಮಾಡಿದರೆ, "ಕೆಲಸ ಸರಿಯಾಗಿದೆ ಎಂದು ನೀವೇ ಓಟಿಪಿ ಕೊಟ್ಟಿದ್ದೀರಲ್ಲ ಮೇಡಂ" ಎಂಬ ಉತ್ತರ ಬಂತು.

ಇದು ನಮ್ಮೊಬ್ಬರ ಮನೆಯ ಮಾತಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಹೋದಲ್ಲೆಲ್ಲ ಇಂಥದೇ ಒಂದು ಕಥೆ ಕೇಳಿದ್ದೇನೆ. ಕೊನೆಗೆ ಎಲ್ಲರೂ ಅನ್ನುವುದು ಒಂದೇ ಮಾತು: "ಬಿಡ್ರಿ, ಆಗಿದ್ದಾತು." ಹಾಗೆ ಬಿಡಬೇಕಿಲ್ಲ. ಬಿಡದೇ ಇರುವುದಕ್ಕೆ ಆ ಹುಡುಗರ ಮೇಲೆ ಕೂಗಾಡಬೇಕಾಗಿಯೂ ಇಲ್ಲ.

ನಮ್ಮ ಕಡೆಯ ಮನೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಈ ಮನೆಗಳ ಚಿತ್ರ ಇರುವುದಿಲ್ಲ. ಹಳೆಯ ಮಾಳಿಗೆ ಮನೆಯಲ್ಲಿ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಹದ ಮಾಡಿದ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಹೊದಿಕೆ. ಕೆಲವು ಊರಲ್ಲಿ ಅದನ್ನೇ ಸವಳು ಅನ್ನುತ್ತಾರೆ. ಬೆಳೆಗೆ ಬಾರದ ಈ ಮಣ್ಣು ಮಾಳಿಗೆಗೆ ಬಂಗಾರ. ಇದರಲ್ಲಿರುವ ಸೋಡಿಯಂ ಲವಣದಿಂದಾಗಿ, ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದಕ್ಕೊಂದು ಬಿಟ್ಟು ಹರಡಿ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಕೆಳಗೆ ನೀರು ಇಳಿಯುವುದಿಲ್ಲ. ಹೊಲದಲ್ಲಿ ನೀರು ಇಂಗಗೊಡದ ಅದೇ ಕೆಟ್ಟ ಗುಣ ಮನೆಯ ಮೇಲೆ ಒಳ್ಳೆಯ ಗುಣವಾಗುತ್ತದೆ. ಮುಂಗಾರಿಗೆ ಮುಂಚೆ ಒಂದಿಷ್ಟು ಹೊಸ ಕರಲು ಹರಡಿ ಬಡಿದು ಕೂರಿಸಿದರೆ ಆ ವರ್ಷದ ಮಳೆಗಾಲ ದಾಟುತ್ತದೆ. ಇಂಥ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಬಹುದು, ಶಂಡಿಗೆ ಹಾಕಬಹುದು, ಬೇಸಿಗೆಯಲ್ಲಿ ಮಲಗಬಹುದು. ಮೊಳೆ ಹೊಡೆಯಬಾರದು, ಬೋಲ್ಟ್ ಕೂರಿಸಬಾರದು. ಡಿಶ್ ಆಂಟೆನಾದ ಕಾಲಿಗೆಂದು ಮಾಡಿದ ಒಂದು ತೂತು ಇಡೀ ಹೊದಿಕೆಯನ್ನು ನೀರಿಗೆ ಬಿಟ್ಟುಕೊಟ್ಟಂತೆ. ಸೋರಿದ ನೀರು ಕೆಳಗಿನ ಸೊಪ್ಪು ಕೊಳೆಸಿ, ಜಂತಿಯ ತುದಿಗೆ ತಲುಪಿ, ಎರಡು ಮೂರು ವರ್ಷದ ಮೇಲೆ ಜಂತಿ ಬಾಗಿದಾಗ ಆಂಟೆನಾದವನ ನೆನಪು ಯಾರಿಗೂ ಇರುವುದಿಲ್ಲ.

ಸೋಲಾರ್ ನೀರಿನ ಹಂಡೆಯದು ಇನ್ನೂ ದೊಡ್ಡ ಅಪಾಯ. 200 ಲೀಟರ್ ಅಂದರೆ ನೀರಿನದೇ 200 ಕಿಲೋ, ಜೊತೆಗೆ ತೊಟ್ಟಿ, ಕೊಳವೆ, ಕಬ್ಬಿಣದ ಸ್ಟ್ಯಾಂಡ್. ಆ ಭಾರವೆಲ್ಲ ನಾಲ್ಕು ಸಣ್ಣ ಕಾಲುಗಳ ಮೇಲೆ ಬೀಳುತ್ತದೆ. ಆರ್‌ಸಿಸಿ ಮಾಡಿಗೆ ಅದು ದೊಡ್ಡದಲ್ಲ. ಮಾಳಿಗೆಯ ಮೇಲೆ ಎರಡು ಜಂತಿಯ ನಡುವೆ ಒಂದು ಕಾಲು ಊರಿತೆಂದರೆ ಆ ಜಾಗ ನಿಧಾನವಾಗಿ ಕುಸಿಯುತ್ತದೆ, ಕುಸಿದಲ್ಲಿ ಮಳೆ ನೀರು ನಿಲ್ಲುತ್ತದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನ ಸಿಗುವುದರಿಂದ ಸೋಲಾರ್ ಫಲಕಗಳೂ ಈಗ ಮನೆ ಏರುತ್ತಿವೆ. ಒಳ್ಳೆಯದೇ. ಆದರೆ ಫಲಕಕ್ಕೆ ಭಾರಕ್ಕಿಂತ ಗಾಳಿಯ ಭಯ ಹೆಚ್ಚು. ಗಾಳಿ ಅದನ್ನು ಪಟದಂತೆ ಮೇಲಕ್ಕೆತ್ತುತ್ತದೆ, ಅದಕ್ಕೇ ಬೋಲ್ಟ್ ಗಟ್ಟಿಯಾಗಿ ಹಿಡಿಯಬೇಕು, ಗಟ್ಟಿಯಾಗಿ ಹಿಡಿಯಲು ಗಟ್ಟಿಯಾದದ್ದೇನಾದರೂ ಇರಬೇಕು. ಮಾಳಿಗೆಯಲ್ಲಿ ಅದು ಇಲ್ಲ. ಕೂರಿಸುವವರು ಮೇಲೆ ಹತ್ತುವ ಮೊದಲು ಒಳಗೆ ಬಂದು ತಲೆಯೆತ್ತಿ ಜಂತಿ ನೋಡಬೇಕು.

ಕಲ್ಲು-ಮಣ್ಣಿನ ಗೋಡೆಯ ಸಂಗತಿ ಗೌಂಡಿ ಅಜ್ಜನ ಬಾಯಿಂದಲೇ ಕೇಳಬೇಕು. ನಮ್ಮ ಗೋಡೆ ನೋಡಲು ಕರೆಸಿದಾಗ ಆತ ಮೊದಲು ಏನೂ ಅನ್ನಲಿಲ್ಲ. ತೂತಿನೊಳಗೆ ಎರಡು ಬೆರಳು ಹಾಕಿ ಮಣ್ಣು ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದ. "ಇದು ಇಟ್ಟಂಗಿ ಗೋಡೆ ಅಲ್ಲವ್ವ. ಕಲ್ಲಿಗೆ ಕಲ್ಲು ಮಣ್ಣಿನಾಗ ಹಿಡಕಂಡು ಕುಂತಾವು. ನಡುಗಿಸಿದ್ರ ಕೈ ಬಿಡ್ತಾವು" ಅಂದ. ಎಂಜಿನಿಯರ್ ಹೇಳಿದರೂ ಇದಕ್ಕಿಂತ ಹೆಚ್ಚು ಹೇಳಲಾರರು. ಸಿಮೆಂಟ್ ಗಾರೆ ಕಲ್ಲನ್ನು ಅಂಟಿಸುತ್ತದೆ. ಮಣ್ಣಿನ ಗಾರೆ ಅಂಟಿಸುವುದಕ್ಕಿಂತ ಹೆಚ್ಚಾಗಿ ಕಲ್ಲುಗಳ ನಡುವಿನ ಸಂದು ತುಂಬಿ ಭಾರ ಸಮನಾಗಿ ಹಂಚುತ್ತದೆ. ನಿಂತಲ್ಲೇ ನಿಂತರೆ ನೂರು ವರ್ಷ ನಿಲ್ಲುವ ಗೋಡೆ ಅದು. ಹ್ಯಾಮರ್ ಡ್ರಿಲ್ ತಿರುಗುವುದಷ್ಟೇ ಅಲ್ಲ, ಗುದ್ದುತ್ತದೆ ಕೂಡ. ಆ ಗುದ್ದಿಗೆ ಸಂದಿನ ಮಣ್ಣು ಪುಡಿಯಾಗಿ ಉದುರುತ್ತದೆ. ಇಂಥ ಗೋಡೆಗೆ ಗುದ್ದು ನಿಲ್ಲಿಸಿ, ಬರೀ ತಿರುಗಿಸುತ್ತ, ಎರಡೂ ಕಡೆಯಿಂದ ನಿಧಾನವಾಗಿ ಕೊರೆಯಬೇಕು. ತೂತಿಗೆ ಪಿವಿಸಿ ಪೈಪಿನ ತುಂಡು ಹಾಕಿ, ಅದರೊಳಗಿಂದ ತಾಮ್ರದ ಪೈಪು ಹಾಯಿಸಿ, ಹೊರಬಾಯಿಗೆ ಮೆತ್ತಬೇಕು. ಹೊರಗಿನ ಯಂತ್ರವನ್ನು ಇಂಥ ಗೋಡೆಗೆ ನೇತು ಹಾಕಲೇಬಾರದು. ಮೂವತ್ತು ಕಿಲೋ ಆಸುಪಾಸಿನ ಯಂತ್ರ ದಿನವಿಡೀ ಅದುರುತ್ತಿದ್ದರೆ ಬೋಲ್ಟಿನ ಸುತ್ತಲ ಮಣ್ಣು ಉಳಿಯದು. ನೆಲದ ಮೇಲೆ ಸ್ಟ್ಯಾಂಡ್ ಇಟ್ಟು ಕೂರಿಸುವುದೇ ಸರಿ.

ಹೊಸ ಮನೆಯವರು ಇದು ನಮಗಲ್ಲ ಅಂದುಕೊಳ್ಳಬಾರದು. ಅಲ್ಲಿನ ಅಪಾಯ ಬೇರೆ ಥರದ್ದು. ಗೋಡೆಯೊಳಗೆ ಹೂತ ನೀರಿನ ಪೈಪು, ವೈರಿನ ಪೈಪು ಕಣ್ಣಿಗೆ ಕಾಣುವುದಿಲ್ಲ. ಪೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ಬೋಲ್ಟ್ ಹಿಡಿಯದೆ ಜಾರುತ್ತದೆ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನ್ 60-70 ಕಿಲೋ ತೂಗುತ್ತದೆ. ಅಲುಗಾಡದಿರಲೆಂದು ಒಳಗೆ ಕಾಂಕ್ರೀಟಿನ ತುಂಡನ್ನೇ ಇಟ್ಟಿರುತ್ತಾರೆ. ಲಾರಿಯಲ್ಲಿ ಬರುವಾಗ ಡ್ರಮ್ ಬಡಿದಾಡದಂತೆ ಹಿಂಭಾಗದಲ್ಲಿ ಮೂರು-ನಾಲ್ಕು ಉದ್ದನೆಯ ಬೋಲ್ಟು ಬಿಗಿದಿರುತ್ತಾರೆ. ಅವನ್ನು ಬಿಚ್ಚದೆ ಮಷೀನ್ ಓಡಿಸಿದರೆ ಅದು ನೆಲದ ಮೇಲೆ ನಡೆದಾಡುತ್ತದೆ, ಟೈಲ್ಸ್ ಸೀಳುತ್ತದೆ, ನಲ್ಲಿಯ ಪೈಪು ಕಿತ್ತುಕೊಳ್ಳುತ್ತದೆ. ಬಿಚ್ಚಿದ ಬೋಲ್ಟುಗಳನ್ನು ನಿಮ್ಮ ಕೈಗೆ ಕೊಟ್ಟು ಹೋಗಬೇಕು. ಕೊಡದಿದ್ದರೆ ಬಿಚ್ಚಿಲ್ಲ ಎಂದೇ ಅನುಮಾನಿಸಿ. ಇನ್ನು ನೀರು ಶುದ್ಧ ಮಾಡುವ ಯಂತ್ರದ್ದು ಸದ್ದಿಲ್ಲದ ಹಾನಿ. ನಲ್ಲಿಗೆ ಹಾಕಿದ ಸಣ್ಣ ವಾಷರ್ ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಹನಿ ಹನಿಯಾಗಿ ಸೋರಿ ಅಡುಗೆಮನೆಯ ಪ್ಲೈವುಡ್ ಪೆಟ್ಟಿಗೆಗಳು ತಿಂಗಳೊಪ್ಪತ್ತಿನಲ್ಲಿ ಉಬ್ಬುತ್ತವೆ.

ಹಡಗಲಿಯ ನಾದಿನಿಯ ಮನೆಯಲ್ಲಿ ಆದದ್ದು ಇವು ಯಾವುವೂ ಅಲ್ಲ. ಫ್ರಿಜ್ ಎತ್ತಿ ದಾಟಿಸುವ ಬದಲು ಹೊಸ್ತಿಲ ಮೇಲೆ ಎಳೆದರು. ತೇಗದ ಹಳೆಯ ಹೊಸ್ತಿಲು ಉದ್ದಕ್ಕೆ ಸೀಳಿತು. ದಿನವೂ ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟ ಹೊಸ್ತಿಲು ಅದು. ಅರಿಸಿನ ಕುಡಿದು ಕುಡಿದು ಮರವೇ ಹಳದಿಯಾಗಿತ್ತು. ಬಡಿಗೇರ ಬಂದು ಒಂದೂವರೆ ಸಾವಿರಕ್ಕೆ ಪಟ್ಟಿ ಹೊಡೆದು ಕೊಟ್ಟ. ಅವಳು ಇಂದಿಗೂ ಅದನ್ನು ದಾಟುವಾಗ ಕಾಲು ಒಂದು ಗಳಿಗೆ ತಡೆಯುತ್ತಾಳೆ. ಇಂಥದ್ದಕ್ಕೆ ಬೆಲೆ ಕಟ್ಟುವುದು ಹೇಗೆ?

ಕಾನೂನು ಅದನ್ನೂ ಯೋಚಿಸಿದೆ. 1986ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬಂದ ಲಕ್ನೋ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಕೊಟ್ಟ ತೀರ್ಪು ಈಗಲೂ ಗ್ರಾಹಕರ ಬೆನ್ನಿಗಿದೆ. ಮನೆಯನ್ನು ಹೊತ್ತಿಗೆ ಸರಿಯಾಗಿ ಕೊಡದೆ ಅಲೆದಾಡಿಸಿದ ಪ್ರಕರಣ ಅದು. ಪರಿಹಾರವೆಂದರೆ ಕಳೆದುಹೋದ ಹಣವಷ್ಟೇ ಅಲ್ಲ, ಅಲೆದಾಟ ಮತ್ತು ಮನಸ್ಸಿನ ನೋವೂ ಅದರಲ್ಲಿ ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು.

1986ರ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ನಮ್ಮ ವಿಷಯಕ್ಕೆ ಬೇಕಾದ ಮೂರು ನಾಲ್ಕು ಸಂಗತಿ ಅದರಲ್ಲಿವೆ. ಸೇವೆಯ ನ್ಯೂನತೆ ಅಂದರೆ ಏನು ಎಂದು ಹೇಳುವ 2(11)ನೇ ಕಲಮು, ಸೇವೆ ಕೊಡುವವರ ನಿರ್ಲಕ್ಷ್ಯದಿಂದ ಗ್ರಾಹಕರಿಗೆ ನಷ್ಟವಾದರೆ ಅದೂ ನ್ಯೂನತೆಯೇ ಅನ್ನುತ್ತದೆ. ಗೋಡೆ ಯಾವುದು ಎಂದು ನೋಡದೆ ಹ್ಯಾಮರ್ ಹಚ್ಚುವುದು ನಿರ್ಲಕ್ಷ್ಯವಲ್ಲದೆ ಇನ್ನೇನು? ಇದರ ಜೊತೆಗೆ ಹೊಸ ಕಾಯ್ದೆ 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯವನ್ನೇ ತಂದಿತು. ಅಲ್ಲಿ ಹಾನಿ ಎಂದರೆ ಆ ಯಂತ್ರವನ್ನು ಬಿಟ್ಟು ಉಳಿದ ಆಸ್ತಿಗೆ ಆದ ನಷ್ಟವೂ ಸೇರಿದೆ. 85ನೇ ಕಲಮು, ಯಂತ್ರಕ್ಕೆ ಸಂಬಂಧಿಸಿದ ಸೇವೆ ಕೊಡುವವರು ದೋಷದಿಂದ, ನಿರ್ಲಕ್ಷ್ಯದಿಂದ ಕೆಲಸ ಮಾಡಿದ್ದರೆ ಅವರನ್ನು ಹೊಣೆ ಮಾಡುತ್ತದೆ. ಎ.ಸಿ. ಚೆನ್ನಾಗಿಯೇ ನಡೆಯುತ್ತಿದೆ, ಇನ್ನೇನು ದೂರು ಎಂದು ಕೇಳುವವರಿಗೆ ಇದೇ ಉತ್ತರ. ದೂರು ಎ.ಸಿ.ಯದಲ್ಲ, ಗೋಡೆಯದು.

"ಇನ್‌ಸ್ಟಾಲೇಶನ್ ಫ್ರೀ ಕೊಟ್ಟಿದ್ದೇವೆ, ಫ್ರೀ ಕೆಲಸಕ್ಕೆ ಜವಾಬ್ದಾರಿ ಇಲ್ಲ" ಎಂದೂ ಅಂಗಡಿಯವರು ಹೇಳುತ್ತಾರೆ. ಪುಕ್ಕಟೆ ಸೇವೆ ಕಾಯ್ದೆಯ ಹೊರಗೆ ಎಂಬುದು ನಿಜ. ಆದರೆ 38,000 ರೂಪಾಯಿ ಕೊಟ್ಟು ಕೊಂಡ ಎ.ಸಿ.ಯ ಜೊತೆ ಬರುವ ಕೆಲಸ ಪುಕ್ಕಟೆಯಲ್ಲ. ಅದರ ಕೂಲಿ ಆ ಬೆಲೆಯಲ್ಲೇ ಕುಳಿತಿದೆ. ದಾನಕ್ಕೆ ಬಂದವರಲ್ಲ ಅವರು, ವ್ಯಾಪಾರದ ಭಾಗವಾಗಿ ಬಂದವರು.

ಇಷ್ಟೆಲ್ಲ ಇದ್ದೂ ನಮ್ಮ ಜನ ಸುಮ್ಮನಾಗುವುದು ಕಾನೂನು ಗೊತ್ತಿಲ್ಲದ್ದಕ್ಕಲ್ಲ. ಅತ್ತೆ ಅಂದರಲ್ಲ, ದುಡ್ಕಂಡು ತಿನ್ನೋ ಹುಡುಗರು ಅಂತ, ಆ ಮಾತಿಗೆ. ಆ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ನಮ್ಮ ಮನೆಗೆ ಬಂದ ಹುಡುಗರಿಗೆ ಸಂಬಳವಿರಲಿಲ್ಲ. ಒಂದು ಮನೆ ಮುಗಿಸಿದರೆ ಇಂತಿಷ್ಟು ಎಂಬ ಲೆಕ್ಕ. ಪೆಟ್ರೋಲು ಅವರದೇ, ಡ್ರಿಲ್ಲೂ ಅವರದೇ. ದಿನಕ್ಕೆ ನಾಲ್ಕು ಮನೆ ಮುಗಿಸಿದರೆ ಮಾತ್ರ ಏನಾದರೂ ಉಳಿಯುತ್ತದೆ ಎಂದು ಚಹಾ ಕುಡಿಯುವಾಗ ಹೇಳಿದ್ದರು. ಹಾಗಿರುವಾಗ ಗೋಡೆ ತಟ್ಟಿ ನೋಡಲು ಅವರಿಗೆ ಪುರಸತ್ತು ಎಲ್ಲಿಂದ ಬರಬೇಕು? ಹಾನಿ ಎಂದು ಬರೆದರೆ ಆ ದಿನದ ಕೂಲಿ ಹಿಡಿಯುತ್ತಾರೆ ಎಂಬ ಹೆದರಿಕೆಯೇ ಅವರ ಕೈಯಲ್ಲಿ ವೈಟ್ ಸಿಮೆಂಟ್ ಹಿಡಿಸಿ ಬಿರುಕು ಮುಚ್ಚಿಸಿದ್ದು.

ಇಲ್ಲೇ ನಾವು ತಪ್ಪುವುದು. ಬಾಯಿ ಮುಚ್ಚಿಕೊಂಡರೆ ಹುಡುಗರನ್ನು ಉಳಿಸಿದೆವು ಅಂದುಕೊಳ್ಳುತ್ತೇವೆ. ಉಳಿಯುವವರು ಬೇರೆಯವರು. ಯಂತ್ರ ಮಾರಿದವರು ಅಂಗಡಿಯವರು. ಕೂರಿಸುವ ಹೊಣೆ ಹೊತ್ತವರು ಕಂಪನಿಯವರು. ಅವರು ಒಬ್ಬ ಗುತ್ತಿಗೆದಾರನಿಗೆ ಕೊಡುತ್ತಾರೆ, ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ಈ ಹುಡುಗರಿಗೆ. ನಡುವೆ ಎಷ್ಟು ಕೈ ಬದಲಾದರೂ ನೀವು ಹಣ ಕೊಟ್ಟದ್ದು ಮೊದಲಿನವರಿಗೆ, ಮಾತು ಕೊಟ್ಟವರೂ ಅವರೇ. ಕೆಲಸಕ್ಕೆ ಹಚ್ಚಿದವನು ಕೆಲಸದವನ ತಪ್ಪಿಗೆ ಹೊಣೆ ಎಂಬುದು ಹಳೆಯ ನ್ಯಾಯ. ದೂರು ಅವರ ಹೆಸರಿಗೆ ಬರೆಯಬೇಕು, ಹುಡುಗನ ಹೆಸರಿಗಲ್ಲ. ಹೀಗೆ ದೂರು ಹೋದಾಗಲೇ ಮಾಳಿಗೆ ಮನೆಯ ಕೆಲಸಕ್ಕೆ ಒಂದು ತಾಸು ಹೆಚ್ಚು ಕೊಡಬೇಕು, ಗುದ್ದದ ಡ್ರಿಲ್ ಕೊಡಬೇಕು ಎಂಬ ಲೆಕ್ಕ ಮೇಲಿನವರಿಗೆ ತಿಳಿಯುವುದು. ಆಪ್‌ಗಳ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿದೆ. ಕಂಪನಿಗಳಿಂದ 1ರಿಂದ 5 ಪ್ರತಿಶತದವರೆಗೆ ಕಲ್ಯಾಣ ಶುಲ್ಕ ಪಡೆದು ನಿಧಿ ಕಟ್ಟುವುದು ಅದರ ತಿರುಳು. ದಾವಣಗೆರೆಯ ಗುತ್ತಿಗೆದಾರನ ಕೆಳಗೆ ದುಡಿಯುವ ಹುಡುಗನಿಗೂ ಇಂಥದೊಂದು ನೆರಳು ಬೇಕು.

ಹಾಗಾದರೆ ಮಾಡಬೇಕಾದ್ದೇನು? ನಾನು ತಡವಾಗಿ ಕಲಿತದ್ದನ್ನು ಹೇಳುತ್ತೇನೆ. ಗಿಲಾವು ಬಿದ್ದ ಗಳಿಗೆಯಲ್ಲೇ ಕೆಲಸ ನಿಲ್ಲಿಸಿ ಅಂತ ಹೇಳಬೇಕಿತ್ತು. ಫೋಟೊ ತೆಗೆಯಬೇಕಿತ್ತು, ಒಂದು ದೂರದಿಂದ, ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ಓಟಿಪಿ ಹೇಳುವ ಮೊದಲು ಅವರ ಕಾಗದದ ಮೇಲೆ ಎರಡು ಸಾಲು ಬರೆಯಬೇಕಿತ್ತು: 'ಪೈಪಿನ ತೂತು ಕೊರೆಯುವಾಗ ಒಳಗೋಡೆಯ ಗಿಲಾವು ಸುಮಾರು ಒಂದೂವರೆ ಅಡಿ ಅಗಲ ಬಿದ್ದಿದೆ, ದುರಸ್ತಿ ಬಾಕಿ ಇದೆ.' ಕಾಗದವೇ ಇಲ್ಲದಿದ್ದರೆ ಅಂಗಡಿಯವರ ವಾಟ್ಸ್‌ಆಪ್‌ಗೆ ಅದೇ ಎರಡು ಸಾಲನ್ನು ಫೋಟೊ ಸಮೇತ ಆಗಲೇ ಕಳಿಸಬೇಕಿತ್ತು. ಜಗಳವಾಡಬೇಕಿಲ್ಲ, ದನಿ ಏರಿಸಬೇಕಿಲ್ಲ. ಬರೆದದ್ದಕ್ಕೆ ತಾರೀಖು ಇರುತ್ತದೆ, ಅದು ಸಾಕು. ಹುಡುಗರಿಗೂ ಹೇಳಬಹುದು, "ನಿಮ್ಮ ಮೇಲೆ ಅಲ್ಲಪ್ಪ, ಕಂಪನಿ ಮೇಲೆ ಬರೀತಿದೀನಿ" ಅಂತ.

ಹಾಗೆಂದು ಓಟಿಪಿ ಕೊಟ್ಟುಬಿಟ್ಟವರ ಬಾಗಿಲು ಮುಚ್ಚಿತು ಎಂದೇನೂ ಅಲ್ಲ. ಕೆಲಸ ಮುಗಿದಿದೆ ಎಂಬುದಕ್ಕೆ ಓಟಿಪಿ ಸಾಕ್ಷಿಯಾಗಬಹುದು. ಆಗ ಕಾಣದೆ ಇದ್ದ, ಮಳೆ ಬಂದಮೇಲೆ ಬಯಲಾದ ಹಾನಿಯನ್ನೂ ನಾನು ಒಪ್ಪಿಕೊಂಡೆ ಎಂಬುದಕ್ಕೆ ಅಲ್ಲ. ನಾನು ಗೌಂಡಿ ಅಜ್ಜನಿಂದ ಲೆಕ್ಕ ಬರೆಸಿದೆ. ಸಡಿಲಾದ ಗಿಲಾವು ಕೆಡವುವುದು, ಎರಡು ಕಲ್ಲು ಎಬ್ಬಿಸಿ ಕೂರಿಸುವುದು, ತೂತು ಸರಿಪಡಿಸುವುದು, ಮರಳು, ಸಿಮೆಂಟು, ಇಬ್ಬರ ಕೂಲಿ, ಒಂದು ಗೋಡೆಗೆ ಬಣ್ಣ, ಒಟ್ಟು 9,200 ರೂಪಾಯಿ. ಇಡೀ ಕೋಣೆಗೆ ಬಣ್ಣ ಎಂದು ಬರೆಸಬಹುದಿತ್ತು, ಬರೆಸಲಿಲ್ಲ. ಆದ ಹಾನಿಗೆ ತಕ್ಕಷ್ಟನ್ನೇ ಕೇಳಿದರೆ ನಮ್ಮ ಮಾತಿಗೆ ತೂಕ ಇರುತ್ತದೆ. ಗೋಡೆ ಕಲ್ಲು-ಮಣ್ಣಿನದು ಎಂದು ನಾನು ಮೊದಲೇ ಹೇಳಿರಲಿಲ್ಲ, ಅದನ್ನೂ ಪತ್ರದಲ್ಲಿ ಮುಚ್ಚಿಡಲಿಲ್ಲ. ಅವರೂ ಕೇಳಿರಲಿಲ್ಲ, ಕೇಳುವುದು ಕೊರೆಯುವವರ ಕೆಲಸ.

ಪತ್ರವನ್ನು ಅಂಗಡಿಗೂ ಕಂಪನಿಗೂ ಇ-ಮೇಲ್ ಮಾಡಿ, ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿದೆ. ಆನ್‌ಲೈನ್‌ನಲ್ಲಿ ಕೊಂಡವರಿಗೆ ಇನ್ನೊಂದು ಆಸರೆ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಕಂಪನಿಗೆ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ನನಗೆ ಬಂದ ಮೊದಲ ಉತ್ತರ, ಸಾವಿರ ರೂಪಾಯಿ ಕೊಡುತ್ತೇವೆ ಎಂಬುದು. ಬೇಡವೆಂದೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅದು ನ್ಯಾಯಾಲಯವಲ್ಲ, ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಯ ಮೇಲಿನವರ ಮೇಜಿಗೆ ಮುಟ್ಟಿಸುತ್ತದೆ. ಎಷ್ಟೋ ಸಲ ಮುಟ್ಟಬೇಕಾದ್ದೂ ಅಲ್ಲಿಗೇ.

ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಇದರ ಬಗ್ಗೆ ನಮ್ಮ ಕಡೆ ಇರುವ ಅಂಜಿಕೆಗೆ ಕಾರಣವಿದೆ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಂದು ಕಾಗದಕ್ಕೆ ಯಾವ ಊರಿನ ಬಸ್ಸು ಹತ್ತಬೇಕು ಎಂಬ ಲೆಕ್ಕವನ್ನು ನಮ್ಮ ಜನ ಮತ್ತೆ ಮತ್ತೆ ಹೊಸದಾಗಿ ಕಲಿಯಬೇಕಾಯಿತು. ಅದಕ್ಕೇ 2019ರ ಕಾಯ್ದೆಯ ಒಂದು ಬದಲಾವಣೆ ನಮಗೆ ದೊಡ್ಡದು. ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವರು ಇರುವಲ್ಲಿ ಇಲ್ಲವೇ ಘಟನೆ ನಡೆದಲ್ಲಿ ದೂರು ಕೊಡಬೇಕಿತ್ತು. ಈಗ ದೂರುದಾರರು ವಾಸವಿರುವ ಕಡೆಯೇ ಕೊಡಬಹುದು. ಕಂಪನಿಯ ಕಚೇರಿ ಬೆಂಗಳೂರಲ್ಲಿರಲಿ, ದೆಹಲಿಯ ಪಕ್ಕದಲ್ಲಿರಲಿ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಹಾನಿಯಾದ 2 ವರ್ಷದೊಳಗೆ ಕೊಡಬೇಕು. ವಕೀಲರು ಕಡ್ಡಾಯವಲ್ಲ, ನಿಮ್ಮ ಮಾತು ನೀವೇ ಹೇಳಬಹುದು. ಮೂರು ತಿಂಗಳಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು.

ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. 1915ಕ್ಕೆ ದೂರು ಕೊಟ್ಟು ಮೂರನೆಯ ವಾರ ಕಂಪನಿಯಿಂದ ಫೋನ್ ಬಂತು. ಗೌಂಡಿಯ ಲೆಕ್ಕದಲ್ಲಿ 7,800 ಕೊಡಲು ಒಪ್ಪಿದರು, ಹೊಸ ತೂತು ಕೊರೆದು ಪೈಪು ಸರಿಪಡಿಸಿ ಕೊಡಲೂ ಒಪ್ಪಿದರು. ನಾನು ಒಂದೇ ಮಾತು ಸೇರಿಸಿದೆ: ಹಿಂದೆ ಬಂದಿದ್ದ ಹುಡುಗರ ಕೂಲಿಯಲ್ಲಿ ಇದನ್ನು ಹಿಡಿಯಬಾರದು ಎಂದು ಬರವಣಿಗೆಯಲ್ಲಿ ಕೊಡಿ. ಇ-ಮೇಲ್‌ನಲ್ಲಿ ಒಂದು ಸಾಲು ಬಂತು. ಆ ಸಾಲನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ.

ಈ ಸಲ ಬಂದವನು ಬೇರೆ ಹುಡುಗ. ಚೀಲ ಕೆಳಗಿಟ್ಟವನೇ ಗೋಡೆಗೆ ಕಿವಿ ಹತ್ತಿರ ಮಾಡಿ ಬೆರಳ ಗೆಣ್ಣಿನಿಂದ ತಟ್ಟಿದ, ಒಂದಿಷ್ಟು ಸರಿದು ಮತ್ತೆ ತಟ್ಟಿದ. "ಅಕ್ಕಾ, ಇದು ಮಣ್ಣಿನ ಗೋಡೆ ಅಲ್ಲೇನ್ರಿ?" ಅಂದ. ಗೌಂಡಿ ಅಜ್ಜ ಹೊರಗಿನಿಂದ ಉಳಿ ಹಿಡಿದ, ಹುಡುಗ ಒಳಗಿನಿಂದ ಗುದ್ದು ನಿಲ್ಲಿಸಿ ಡ್ರಿಲ್ ತಿರುಗಿಸಿದ. ಎರಡು ತಾಸು ಹಿಡಿಯಿತು. ನಡುವೆ ಸಿಕ್ಕ ಕಲ್ಲನ್ನು ಒಡೆಯದೆ ಅದರ ಪಕ್ಕದಿಂದ ಹಾದರು. ಪಿವಿಸಿ ಪೈಪು ಕೂರಿಸಿದ ಮೇಲೆ ಅಜ್ಜ ಒಂದು ಚೊಂಬು ನೀರು ತರಿಸಿದ. ಹುಡುಗ ಒಳಗಿನ ಬಾಯಿಂದ ನಿಧಾನಕ್ಕೆ ಸುರಿದ. ಅತ್ತೆ ಹೊರಗೆ ಅಂಗಳದಲ್ಲಿ, ಗೋಡೆಯ ಮಗ್ಗುಲಿಗೆ ಅಂಗೈ ಒಡ್ಡಿ ನಿಂತಿದ್ದರು.

"ಬಂತು ನೋಡ್ರೋ" ಎಂದು ಅಲ್ಲಿಂದಲೇ ಕೂಗಿದರು.